ನಾಲ್ಕು ಪೌಂಡ್ ಹನ್ನೆರಡು ಪೆನ್ಸ್

ನೀತ್ ಊರಿನ ಲೈಬ್ರರಿಯಲ್ಲಿ
ಜೆರಾಕ್ಸ್ ಯಂತ್ರದ ಪಕ್ಕ ಕೂರುವವನು ನಾನು.
ಪುಟಕ್ಕೆ ಹತ್ತು ಪೆನ್ಸ್.
ಗುರುವಾರ ಶಾಲೆ ಬಿಟ್ಟು
ಮಕ್ಕಳೆಲ್ಲ ರಸ್ತೆ ದಾಟಿದ ಮೇಲೆ
ಡಿಲಿಸ್ ಪ್ರಾಸರ್ ಬರುತ್ತಾಳೆ.
ಹಳದಿ ಕೋಟು ಕಳಚುವುದಿಲ್ಲ.
ನಿಲ್ಲಿ ಎಂದು ಬರೆದ ಗುಂಡು ಫಲಕದ ಕೋಲನ್ನು
ಪ್ರವಾಸದ ಪುಸ್ತಕಗಳಿಗೆ ಒರಗಿಸಿ
ಬಿಸ್ಕತ್ತಿನ ಡಬ್ಬಿ ತೆರೆಯುತ್ತಾಳೆ.
ಡಬ್ಬಿಯಲ್ಲಿ ಬಿಸ್ಕತ್ತಿಲ್ಲ, ಬ್ಯಾಂಕಿದೆ.

ಕಥೆ ಸಣ್ಣದು.
ಒಂದು ಶುಕ್ರವಾರ ನೀರಿನ ಕಂಪನಿ
ಅವಳ ಖಾತೆಗೆ ಕೈಯಿಟ್ಟು ಹದಿನಾರು ಪೌಂಡ್ ಕೇಳಿತು.
ಇದ್ದದ್ದು ನಾಲ್ಕು ಪೌಂಡ್ ಹನ್ನೆರಡು ಪೆನ್ಸ್.
ಸಂಬಳಕ್ಕೆ ಇನ್ನೂ ಹತ್ತು ದಿನ.
ಬ್ಯಾಂಕು ಇಲ್ಲ ಎಂದಿತು;
ಇಲ್ಲ ಎಂದದ್ದಕ್ಕೆ ಕೂಲಿ ಮೂವತ್ತೈದು ಪೌಂಡ್.
ಸೋಮವಾರ ಫೋನಿನವರು ಬಂದರು, ಮತ್ತೆ ಮೂವತ್ತೈದು.
ಹೀಗೀಗಾಯಿತು ಎಂದು ತಿಳಿಸುವ ಕಾಗದಕ್ಕೆ ಮೂವತ್ತೈದು.
ಆ ಸಿಟ್ಟಿಗೆ ಅವಳು ಸಂಬಳವನ್ನು ಪೋಸ್ಟಾಫೀಸಿಗೆ ತಿರುಗಿಸಿದಳು,
ನೀರಿಗೂ ಫೋನಿಗೂ ಕೈಯಾರೆ ಕಟ್ಟಿ ಬಂದಳು.
ಇತ್ತ ದಂಡದ ಹೊಟ್ಟೆಯಲ್ಲಿ ದಂಡ ಹುಟ್ಟಿ,
ಅದು ಮರಿ ಹಾಕಿ
ಹನ್ನೊಂದಾದವು.

"ಒಂದು ಕಾಗದಕ್ಕೆ ನಿಮಗೆ ತಗಲುವುದೆಷ್ಟು?"
ಇದು ಅವಳ ಮೊದಲ ಪ್ರಶ್ನೆ.
ಶಾಯಿ, ಲಕೋಟೆ, ಅಂಚೆ ಎಲ್ಲ ಸೇರಿಸಿ ನಾನೂ ಕೂಡಿ ನೋಡಿದೆ,
ಒಂದು ಪೌಂಡ್ ದಾಟಲಿಲ್ಲ.
ಉತ್ತರವಾಗಿ ಅವರು ಕರಪತ್ರ ಕಳಿಸಿದರು.
ಅದರಲ್ಲಿ ಗಂಡಹೆಂಡತಿ ನಗುತ್ತ ಪಾಸ್ತಾ ಬೇಯಿಸುತ್ತಿದ್ದರು.

ಕೊನೆಗೆ ಖಾತೆ ಮುಚ್ಚಿ
ಮುನ್ನೂರ ಎಂಬತ್ತು ಪೌಂಡ್ ಎಂಬತ್ತೆಂಟು ಪೆನ್ಸ್ ಬಾಕಿ ಎಂದು
ಹೆಸರಿನ ಮುಂದೆ ಬರೆದರು: ಸುಸ್ತಿದಾರೆ.
ಆರು ವರ್ಷ ಇರುತ್ತದಂತೆ.
ಆ ಮೊತ್ತದಲ್ಲಿ ಒಂದು ಬನ್ನನ್ನೂ ಅವಳು ತಿಂದವಳಲ್ಲ.
ಸುಸ್ತಾದವಳನ್ನು ಸುಸ್ತಿದಾರೆ ಅನ್ನುವುದು ಎಷ್ಟು ಸುಲಭ.
ನಮ್ಮ ವೇಲ್ಸ್ ನುಡಿಯಲ್ಲಿ ಡಿಲಿಸ್ ಅಂದರೆ
ಖರೆ, ಊರ್ಜಿತ.
ಕಡತಕ್ಕೆ ಆ ನುಡಿ ಬಾರದು.

ಬಟ್ಟೆ ಒಗೆಯುವ ಯಂತ್ರ ಕೈಕೊಟ್ಟಾಗ
ಕಂತಿನ ಮೇಲೆ ಕೇಳಲು ಹೋದಳು.
ಕೌಂಟರಿನಲ್ಲಿ ಗೆರೈಂಟ್;
ಏಳು ವರ್ಷದವನಿದ್ದಾಗ ಲಾರಿ ತಡೆದು
ರಸ್ತೆ ದಾಟಿಸಿದವಳು ಇವಳು,
ಮೂಗೊರೆಸಿದ್ದೂ ಇವಳೇ.
ಅವನು ಪರದೆ ನೋಡಿದ. ನೆಲ ನೋಡಿದ.
"ಒಪ್ಪುತ್ತಿಲ್ಲ, ಮಿಸೆಸ್ ಪ್ರಾಸರ್."
ಕಲ್ಲಿದ್ದಲ ಲಾರಿಯನ್ನೇ ನಿಲ್ಲಿಸಿದ ಕೈ
ಮರಳಿ ಬರುವಾಗ ಕೋಟಿನ ಜೇಬಿನಲ್ಲಿತ್ತು.

ನಲವತ್ತಮೂರು ಕಾಗದ ಬರೆದಳು, ಎಲ್ಲದರ ನಕಲೂ ನನ್ನದೇ.
ಅಲ್ಲಿಂದ ಬಂದವಕ್ಕೆ ಪ್ರತಿಸಲವೂ ಬೇರೆ ಸಹಿ, ಅದೇ ಪ್ಯಾರಾ.
ಎಳೆದ ಹಗ್ಗಕ್ಕೆ ಬಾವಿಯ ಕಲ್ಲೂ ಸವೆಯುತ್ತದೆ ಅಂತಾರೆ;
ಹಗ್ಗದ ಗತಿ ಏನಾಗುತ್ತದೆಂದು ಯಾರೂ ಹೇಳುವುದಿಲ್ಲ.
ನಾಲ್ಕನೆಯ ವರ್ಷ ಅವಳ ಕೂದಲು ಪೂರ್ತಿ ಬೆಳ್ಳಗಾಯಿತು.

ಕಳೆದ ಗುರುವಾರ ಡಬ್ಬಿ ತರಲಿಲ್ಲ,
ಒಂದೇ ಹಾಳೆ.
"ತಪ್ಪೊಪ್ಪಿಗೆಯೆಂದು ಭಾವಿಸತಕ್ಕದ್ದಲ್ಲ.
ಕೇವಲ ಸೌಜನ್ಯದಿಂದ ಶುಲ್ಕಗಳನ್ನು ರದ್ದುಪಡಿಸಿ
ನಮೂದನ್ನು ತೆಗೆದುಹಾಕಲಾಗಿದೆ."
ಕಡತ ತೆರೆದು ಮುದ್ರಿಸಿ ಕೊಟ್ಟೆ.
ಸುಸ್ತಿ ಇದ್ದ ಜಾಗದಲ್ಲಿ ಬಿಳಿ ಖಾಲಿಯೂ ಇಲ್ಲ.
ಮೇಲಿನ ಸಾಲು ಕೆಳಗಿನ ಸಾಲು
ಒಂದಕ್ಕೊಂದು ಒತ್ತಿಕೊಂಡಿವೆ,
ನಡುವೆ ಯಾರೂ ನಾಲ್ಕು ವರ್ಷ ನಿಂತೇ ಇರಲಿಲ್ಲವೆಂಬಂತೆ.

ಅಳುತ್ತಾಳೇನೋ ಎಂದು ನಾನು ಟಿಶ್ಯೂ ಹುಡುಕುತ್ತಿದ್ದೆ.
ಅವಳು ಪೆನ್ಸಿಲ್ ತುದಿ ನಾಲಿಗೆಗೆ ತಾಗಿಸಿ ಕೂಡುತ್ತಿದ್ದಳು:
"ಹನ್ನೊಂದು ಮೂವತ್ತೈದಲಿ ಮುನ್ನೂರ ಎಂಬತ್ತೈದು.
ಅಷ್ಟೂ ರದ್ದು. ಸರಿಯೇ?"
ಸರಿ, ಅಂದೆ.
"ಹಾಗಾದರೆ ನನ್ನ ನಾಲ್ಕು ಪೌಂಡ್ ಹನ್ನೆರಡು ಪೆನ್ಸ್
ಎಲ್ಲಿ?"

ಯಂತ್ರದ ಗುಂಡಿ ಒತ್ತಿದೆ. ಬಿಸಿಯಾಗಲು ಒಂದು ನಿಮಿಷ ಬೇಕು.
ಅಂಚೆಚೀಟಿ ಅವಳೇ ತಂದಿದ್ದಳು.