ಬಾಸಿಂಗ ಕಟ್ಟಿದ ಬಂಗಡೆ

ಬೈತಖೋಲದ ಐಸ್ ಫ್ಯಾಕ್ಟರಿಯ ಮೇಲಿನ ಕೋಣೆಯಲ್ಲಿ
ನಾವಿಬ್ಬರು, ಒಂದು ಫ್ಯಾನು, ಸಾಲದ ಲ್ಯಾಪ್‌ಟಾಪು.
ಹೇಳಿದ್ದನ್ನು ಬಿಡಿಸಿಕೊಡುವ ಯಂತ್ರ ಕಟ್ಟಿದ್ದೇವೆ,
ಹೆಸರು ‘ಗೀಚು’. ಮೊದಲ ಹತ್ತು ಚಿತ್ರ ಪುಕ್ಕಟೆ.
ದುಡ್ಡು ಕೊಟ್ಟವರು ಈವರೆಗೆ ಹನ್ನೊಂದು ಮಂದಿ,
ಅದರಲ್ಲಿ ಮೂವರು ದಾಮಿನಿಯ ಅಣ್ಣಂದಿರು.

ಜಾಹೀರಾತಿಗೆ ಕಾಸಿಲ್ಲ.
“ಕೈಯಿಂದ ಕೈಗೆ ಹೋಗುವಂಥದ್ದೇನಾದರೂ ಮಾಡು”
ಅಂದಳು ದಾಮಿನಿ, ಕೋಡು ಬರೆಯುತ್ತ, ತಿರುಗಿ ನೋಡದೆ.

ಮಾಡಿದೆ. ಸದಾಶಿವಗಡಕ್ಕೆ ಹಿಮ ಬೀಳಿಸಿದೆ: ಏಳು ಲೈಕು.
ಗೋವೆಗೆ ಟೆಂಪೋ ಓಡಿಸುವ ಬೆಕ್ಕು: ನಾಲ್ಕು.
ಕಾಳಿಯ ಹಳೇ ಸೇತುವೆ ಕೇಳಿದರೆ
ಅದು ಬಿದ್ದ ಸುದ್ದಿ ಮುಟ್ಟದ ಯಂತ್ರ
ಇಡಿಯಾಗಿ ಕಟ್ಟಿಕೊಟ್ಟಿತು, ದೀಪ ಸಮೇತ.
ಅದನ್ನು ಹಾಕಲಿಲ್ಲ. ಅಳಿಸಲೂ ಇಲ್ಲ.

ಆಮೇಲೆ ಒಂದು ರಾತ್ರಿ, ಹಸಿವಿಗೋ ಏನೋ,
ಬಾಸಿಂಗ ಕಟ್ಟಿದ ಬಂಗಡೆ.
ಒಂದು ಕಣ್ಣು ಮಿಟುಕಿಸಿದೆ. ಕೆಳಗೆ ‘ಶುಭೋದಯ’.
ಬೆಳಗಾಗುವುದರೊಳಗೆ ಅಂಕೋಲೆ ದಾಟಿತು,
ಮಧ್ಯಾಹ್ನ ಭಟ್ಕಳ, ಸಂಜೆಗೆ ದುಬೈಯ ಯಾವುದೋ ಮೆಸ್ಸು.
ಹೋಗುವ ದಾರಿಯಲ್ಲಿ ಯಾರೋ
ಮೂಲೆಯಲ್ಲಿದ್ದ ನಮ್ಮ ಹೆಸರನ್ನು
ಬಾಲದ ಹಾಗೆ ಕತ್ತರಿಸಿ ಎಸೆದಿದ್ದರು.
ಮೂರನೇ ದಿನ ಮಡಗಾಂವಿನ ಚಿಕ್ಕಮ್ಮ ನನಗೇ ಕಳಿಸಿದಳು:
“ನೋಡು, ಜನ ಎಂತೆಂಥದು ಮಾಡ್ತಾರೆ. ನೀನೂ ಇದ್ದೀಯ.”

ಹನ್ನೊಂದು ಹನ್ನೊಂದಾಗಿಯೇ ಉಳಿಯಿತು.

ಮೀನುಪೇಟೆಯ ಶೇವಂತಿಯ ಫೋನಿನಲ್ಲೂ ಅದೇ ಮದುಮಗ.
“ಬಾಯ, ಮೀನಿಗೆ ರೆಪ್ಪೆ ಎಲ್ಲಿಯದು?
ಇದನ್ನು ಮಾಡಿದವನು ಮೀನು ತಿಂದಿದ್ದಾನೆ, ನೋಡಿಲ್ಲ.”
ಮಾಡಿದವಳು ನಾನೇ ಅನ್ನಲು ಬಾಯಿ ಬರಲಿಲ್ಲ.
ಅಷ್ಟರಲ್ಲಿ ಗಿರಾಕಿ ಬಂದ. ಅವಳು ಕೂಗಲಿಲ್ಲ, ಕರೆಯಲಿಲ್ಲ,
ಹೆಬ್ಬೆರಳಲ್ಲಿ ಕಿವಿರು ಎತ್ತಿದಳು.
ಒಳಗೆ ಕೆಂಪು.
ಅವನು ಚೀಲ ಬಿಚ್ಚಿದ.

ರಾತ್ರಿ ಗೀಚಿನ ತಪ್ಪುಗಳನ್ನೆಲ್ಲ ಹೊರಗೆಳೆದೆ:
ಆರು ಬೆರಳಿನ ತಾಂಡೇಲ,
ಹಿಡಿದವರಿಲ್ಲದೆ ತಾನೇ ಬೀಸುವ ಹುಟ್ಟು,
ರೆಪ್ಪೆಯ ಬಂಗಡೆ.
ಒಂದೊಂದರ ಕೆಳಗೂ ಬರೆದೆ: “ಇಲ್ಲಿ ತಪ್ಪಿದೆ. ಹುಡುಕಿ.”
ಹೆಸರನ್ನು ಈ ಸಲ ಮೂಲೆಗೆ ಹಾಕಲಿಲ್ಲ,
ಮೀನಿನ ಹೊಟ್ಟೆಯ ಮೇಲೇ ಇಟ್ಟೆ, ಕತ್ತರಿಸಿದರೆ ಮೀನೇ ಹೋಗಬೇಕು.
ಸೇತುವೆಯೊಂದನ್ನು ಬಿಟ್ಟೆ. ಅಲ್ಲಿನ ತಪ್ಪು
ಹುಡುಕಲು ಕೊಡುವಂಥದ್ದಲ್ಲ.

ಕೆಳಗೆ ಐಸು ಪುಡಿಯಾಗುವ ಸದ್ದು.
ನಸುಕಿಗೆ ದಾಮಿನಿ ತಿರುಗಿ ನೋಡಿದಳು. “ಹನ್ನೆರಡು.
ಯಾರೋ ಶಿರಸಿಯವರು.
ಮೀನು ತಿನ್ನದವರಿರಬೇಕು.”