ಏಳೂಕಾಲು ಅಡಿ

ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ
ಟಾರ್ಪಾಲು ಹೊಲಿಯುವ ಬೂದನ್ ಸಾಬರು
ಕಿವಿಯ ಸಂದಿನಿಂದ ಸೀಮೆಸುಣ್ಣ ತೆಗೆದು
ಉದ್ದ ಎಷ್ಟು ಅಂದರು.
ಏಳೂಕಾಲು ಅಡಿ.
ಅಗಲ?
ಇಪ್ಪತ್ತೆರಡು ಇಂಚು. ತಲೆಯ ಕಡೆ ಚೂಪಿರಲಿ,
ಜಿಪ್ಪು ಆ ತುದಿಯಿಂದ ಈ ತುದಿ.
ಅವರು ಟೇಪು ಕೆಳಗಿಟ್ಟರು.
ನಾನು ದೊಡ್ಡಾಸ್ಪತ್ರೆಯವಳು, ಅವರಿಗೆ ಗೊತ್ತು.
ದನಿ ತಗ್ಗಿಸಿ ಕೇಳಿದರು:
ಯಾರು ಹೋದ್ರಮ್ಮಾ?

ಯಾರೂ ಹೋಗಿಲ್ಲ ಸಾಬರೇ.
ಹೋಗುವುದು ನಾನು.
ಇದು ಹಲಗೆಗೆ, ಅಲೆ ಬಂದಾಗ ಹತ್ತಿ ನಿಲ್ಲುವ ಹಲಗೆಗೆ.
ಅವರು ನನ್ನನ್ನು ಪಾದದಿಂದ ಮೇಲಕ್ಕೆ ಅಳೆದರು:
ನಲವತ್ತಾರು ವರ್ಷ, ಎಪ್ಪತ್ತೊಂದು ಕೆಜಿ, ಮಂಡಿಗೆ ಪಟ್ಟಿ.
ಹಾಗಾದ್ರೆ ಡಬಲ್ ಹೊಲಿಗೆ ಹಾಕ್ತೀನಿ, ಅಂದರು.

ದೇಶ ಐರ್ಲೆಂಡು. ತಿಂಗಳು ಅಕ್ಟೋಬರು.
ಇಲಿ ಕಡಿದ ರೊಟ್ಟಿಯಂತಿರುವ ಅದರ ಪಡುವಣ ಅಂಚನ್ನು
ಲವೀನಾ ಕ್ರಾಸ್ತಾ ತನ್ನ ಆಟದ ಕೋಣೆಯಲ್ಲಿ,
ಗಾಳಿ ಹೋದ ವಾಲಿಬಾಲುಗಳ ಮೇಲುಗಡೆ,
ನಾಲ್ಕು ಗುಂಡುಪಿನ್ನು ಚುಚ್ಚಿ ನಿಲ್ಲಿಸಿದ್ದಾಳೆ.
ನೀರು ಹದಿನಾಲ್ಕು ಡಿಗ್ರಿ ಕಣೇ, ಅನ್ನುತ್ತಾಳೆ,
ನೆಂಟರ ಮನೆಯ ಸುದ್ದಿ ಹೇಳುವ ಹಾಗೆ.

ಹದಿನಾಲ್ಕೇನು ಮಹಾ.
ಬ್ಲಡ್ ಬ್ಯಾಂಕಿನಲ್ಲಿ ಹತ್ತೊಂಬತ್ತು ವರ್ಷ,
ನಾಲ್ಕು ಡಿಗ್ರಿಯ ಫ್ರಿಜ್ಜಿಗೆ ಮೊಣಕೈವರೆಗೆ ಇಳಿದು
ಊರವರ ನೆತ್ತರು ಎಣಿಸಿದ್ದೇನೆ.
ಕೈಗೆ ಚಳಿಯ ಪರಿಚಯವಿದೆ,
ಉಳಿದ ಮೈಗೆ ಮಾಡಿಸಬೇಕು.

ಅದಕ್ಕೇ ಭಾನುವಾರ ಮೀನು ಮಾರ್ಕೆಟ್ಟು.
ಮಲ್ಪೆಯ ಲಾರಿ ಖಾಲಿಯಾದ ಮೇಲೆ
ಗುಲಾಬಕ್ಕ ಎರಡು ಪೆಟ್ಟಿಗೆ ಐಸು ಎತ್ತಿಟ್ಟಿರುತ್ತಾಳೆ.
ಮೀನು ಕೆಡದಿರಲಿ ಅಂತ ನಾ ಹಾಕೋದು,
ನಿಮಗ್ಯಾಕ್ರೀ?
ನನಗೂ ಅದಕ್ಕೇ, ಅಂದೆ.
ನೀಲಿ ಡ್ರಮ್ಮಿನಲ್ಲಿ ಕುತ್ತಿಗೆಯವರೆಗೆ ನಾನು,
ಪಕ್ಕದಲ್ಲಿ ಸೀಟಿ ಕಚ್ಚಿಕೊಂಡು ಲವೀನಾ.
ಎಂಟು ನಿಮಿಷ.
ಬಂಗುಡೆಯ ವಾಸನೆ ಮಾತ್ರ ಬುಧವಾರದವರೆಗೆ.

ನನ್ನ ಹೆಸರು ಶಾಂಭವಿ.
ಅಜ್ಜಿ ಇಟ್ಟದ್ದು, ದೇವಿಯನ್ನು ನೆನೆದು.
ಅದೇ ಹೆಸರಿನ ಹೊಳೆ ಮೂಲ್ಕಿಯಲ್ಲಿ ಕಡಲು ಸೇರುತ್ತದೆಂದು
ಆಗುಂಬೆ ಇಳಿದು ಹೋಗುವವರೆಗೂ ತಿಳಿದಿರಲಿಲ್ಲ.
ಅಲ್ಲಿ ಮೊದಲ ಸಲ ನಿಂತದ್ದು, ಮೂರೇ ಸೆಕೆಂಡು.
ಕಲಿಸುವ ಹುಡುಗ ದಡದಿಂದ 'ಶಾಂಭವೀ' ಎಂದು ಕೂಗಿದ್ದು
ನನ್ನನ್ನೋ ಹೊಳೆಯನ್ನೋ,
ಇಬ್ಬರೂ ಆಗ ಮುಗುಚಿಕೊಂಡಿದ್ದೆವು.
ವಾಪಸು ಬಸ್ಸಿನಲ್ಲಿ ತೀರ್ಥಹಳ್ಳಿಯವರೆಗೂ
ಕಿವಿಯಿಂದ ಮರಳು ಉದುರುತ್ತಿತ್ತು.

ನೋಟುಬುಕ್ಕಿನ ಎಡಪುಟ ಖರ್ಚು, ಬಲಪುಟ ಸುಳ್ಳು.
ಚೀಟಿ ಕೂಗಿ ಎತ್ತಿದ್ದು: ಒಂದು ಲಕ್ಷ ಎಂಬತ್ತು ಸಾವಿರ.
ರತ್ನಾಕರ ಶೇಟರಿಗೆ ಹೇಳಿದ್ದು: ಮನೆಗೆ ಗಿಲಾವು.
ಐದು ಮಿಲಿಮೀಟರ್ ದಪ್ಪದ ರಬ್ಬರ್ ಅಂಗಿ: ಬಾಡಿಗೆಗೆ.
ಅಣ್ಣನಿಗೆ ಹೇಳಿದ್ದು: ಟ್ರೇನಿಂಗು.
ಹಲಗೆಗೆ ವಿಮಾನದವರು ಕೇಳುವುದು
ಹಲಗೆ ಕೊಂಡದ್ದಕ್ಕಿಂತ ಜಾಸ್ತಿ.
ಹಲಗೆಯೂ ಅಲ್ಲೇ ಬಾಡಿಗೆಗೆ ಸಿಗುತ್ತಲ್ಲೇ, ಅಂದಳು ಲವೀನಾ.
ಸಿಗುತ್ತದೆ.
ಆದರೂ ಬೂದನ್ ಸಾಬರಿಗೆ ಅಡ್ವಾನ್ಸು ಕೊಟ್ಟು ಬಂದೆ.

ವೀಸಾ ಫಾರಮ್ಮು ಕೇಳುತ್ತದೆ: ಪ್ರಯಾಣದ ಉದ್ದೇಶ.
ಎರಡಿಂಚು ಜಾಗ.
ಪ್ರವಾಸ, ಅಂತ ಬರೆದೆ.
ಲವೀನಾ ಇನ್ನೂ ಬರೆದಿಲ್ಲ.
ಅಕ್ಟೋಬರಿನಲ್ಲಿ ಅವಳಿಗೆ ವಲಯಮಟ್ಟದ ಖೋ ಖೋ,
ಹೆಡ್ ಮಾಸ್ಟರು ರಜೆಯ ಚೀಟಿ ನೋಡಿ
ಅದರ ಮೇಲೆ ಟೀ ಲೋಟ ಇಟ್ಟರಂತೆ.

ಮನೆಯ ತಾರಸಿಯ ಮೇಲೆ
ಸೀಮೆಸುಣ್ಣದಲ್ಲಿ ಹಲಗೆ ಬರೆದುಕೊಂಡಿದ್ದೇನೆ.
ಬೋರಲು ಮಲಗುವುದು, ಗಾಳಿಯಲ್ಲಿ ಕೈ ಬೀಸುವುದು,
ತಟ್ಟನೆ ಎದ್ದು ನಿಲ್ಲುವುದು, ದಿನಕ್ಕೆ ನಲವತ್ತು.
ನಿನ್ನೆ ಹತ್ತಿ ನೋಡಿದರೆ
ಕೆಳಗಿನ ಮನೆಯ ಚಿನ್ಮಯಿ
ಅದಕ್ಕೇ ಅಡ್ಡಗೆರೆ ಎಳೆದು ಎಂಟು ಮನೆ ಮಾಡಿ
ಒಂಟಿಕಾಲಲ್ಲಿ ಕುಂಟುತ್ತಿದ್ದಾಳೆ.
ಬಿಲ್ಲೆ ಚೂಪು ತುದಿಯಲ್ಲಿ ಬಿದ್ದಿತ್ತು.
ಆಂಟಿ, ಗೆರೆ ತುಳೀಬೇಡಿ, ಅಂದಳು.
ನನ್ನ ಸರದಿಗೆ ಕಾಯುತ್ತಾ
ನೀರಿನ ಟ್ಯಾಂಕಿಗೆ ಒರಗಿ ನಿಂತೆ.