ಮ್ಯಾಲಿನ ಲೈನು

ವಂದಾಲಕ್ಕೂ ತೆಲಗಿಗೂ ನಡುವ ನನ್ನ ಗೇಟು.
ಒಂದು ಖೋಲಿ, ಒಂದು ಫೋನು, ಎರಡು ದೀಪ,
ಒಂದು ಬೇವಿನ ಗಿಡ. ಅದನ್ನ ನಾನ ಹಚ್ಚಿದ್ದು,
ಇಲಾಖೆಯ ಲೆಕ್ಕದಾಗ ಇಲ್ಲ.

ರಾತ್ರಿ ಪಾಳಿ ಹತ್ತಕ್ಕ ಸುರು.
ಸ್ಟೇಷನ್ ಮಾಸ್ತರು ಫೋನಿನ್ಯಾಗ ಗಾಡಿ ಹೆಸರು ಹೇಳ್ತಾರ,
ನಾ ಗೇಟು ಹಾಕಿ, ಕೀಲಿ ತಿರುವಿ,
ಗುಟ್ಟಿನ ನಂಬರು ಕೊಡ್ತೀನಿ.
ಅವರು ಬರ್ಕೋತಾರ. ನಾ ಬರ್ಕೋತೀನಿ.
ಕಲ್ಲಿದ್ದಲಿ ಹೊತ್ತಿದ್ದಿರಲಿ, ಮಂದಿ ಹೊತ್ತಿದ್ದಿರಲಿ,
ಶಾವಕ್ಕ ಅಂಬಿಗೇರ ಹೂಂ ಅಂದ ಮ್ಯಾಲ ದಾರಿ.

ಮ್ಯಾಲ ಹೋಗಾವಕ್ಕ ಗೇಟಿಲ್ಲ.

ಮೊದಲ ಮೊದಲು ಚುಕ್ಕಿ ಅನಕೊಂಡಿದ್ದೆ.
ಚುಕ್ಕಿ ಕಣ್ಣು ಮಿಟುಕಿಸ್ತಾವ, ಆದ್ರ ಊರು ಬಿಡಂಗಿಲ್ಲ.
ಇವು ಬಿಡ್ತಾವ.
ಒಂದು ಮುಂಬಯಿ ಕಡಿಂದ, ಒಂದು ಮದ್ರಾಸ ಕಡಿಂದ,
ಒಂದು ಯಾವ ಕಡಿಂದೋ,
ನನ್ನ ಬೇವಿನ ಗಿಡದ ನೆತ್ತಿಗೆ ಬಂದು
ಒಂದರ ದಾರಿ ಒಂದು ದಾಟಿ
ಮಾತಾಡಿಸದಂಗ ಹೋಗಿಬಿಡ್ತಾವ,
ಸಂತಿ ದಿನ ಬಾಗೇವಾಡಿಯೊಳಗ
ಬೀಗರು ಬೀಗರ ಮಾರಿ ತಪ್ಪಿಸಿದಂಗ.
ಸಪ್ಪಳ ಮಾತ್ರ ತಡಮಾಡಿ ಬರತೈತಿ,
ಗಾಡಿ ತಪ್ಪಿದ ಮನಷ್ಯಾನಂಗ ಹಿಂದಿಂದ ಓಡಿ.

ಒಂದಿನ ರಜಿಸ್ಟರಿನ ಕಡೇ ಹಾಳಿ ತಿರುವಿ
ಗೀಟು ಹಾಕಾಕ ಹತ್ತಿದೆ.
ಒಂದು ಇಮಾನಕ್ಕ ಒಂದು ಗೀಟು.
ನಾಕು ಉದ್ದ, ಒಂದು ಅಡ್ಡ.
ಹತ್ತರಿಂದ ಆರರ ತನಕ ಒಮ್ಮೆ ಎಪ್ಪತ್ತೊಂದು.
ಮೋಡಿದ್ರ ಕಿವಿ ಮ್ಯಾಲ ಲೆಕ್ಕ, ಆಗ ಕಡಿಮಿ.
ಅದ ರಾತ್ರಿ ಗಾಡಿ ಬರೇ ಒಂಬತ್ತು.

ನಾ ಹತ್ತಿಲ್ಲ.
ನನ್ನ ತಂಗಿ ಮಗ ಸಾಂಬ್ರಾದಾಗ ಇಮಾನದ ಕಸ ಹೊಡೀತಾನ.
ಸೀಟಿನ ಸಂದ್ಯಾಗ ಸಿಕ್ಕದ್ದು ಹೇಳ್ತಾನ:
ಕೂಸಿನ ಒಂಟಿ ಕಾಲಚೀಲ, ಅರ್ಧ ತಿಂದ ಚಕ್ಕಲಿ,
ಯಾರದೋ ಗುಳಿಗಿ ಚೀಟಿ.
ಅಂದ್ರ ಗಾಡ್ಯಾಗಿನ ಮಂದೀನ ಅಲ್ಲೂ ಇರ್ತಾರ.

ಗೀಟಿಲ್ಲದ ಹಾಳೀನೂ ಅದಾವ.
ಮಂದಿ ಮಾರಿಗೆ ಅರಿವಿ ಕಟಗೊಂಡ ಬ್ಯಾಸಗಿ.
ಗೂಡ್ಸು ಬರ್ತಿದ್ದುವು, ನಾ ದೀಪ ತೋರಿಸ್ತಿದ್ದೆ,
ಮ್ಯಾಲ ನೋಡಿದ್ರ ಬರೇ ಚುಕ್ಕಿ,
ಎಲ್ಲಾ ಅಲ್ಲಲ್ಲೇ.
ತಾರೀಖು ಹಾಕಿ ‘ನಿಲ್’ ಅಂತ ಬರದೀನಿ, ಎಷ್ಟೋ ಸಲ.
ಒಂದು ರಾತ್ರಿ ಎರಡೂವರಿಗೆ ಒಂದು ಬಂತು.
ಒಂದ.
ನನಗ ಗೊತ್ತಿಲ್ಲದ ಕೈ ಹಸರು ದೀಪ ಎತ್ತಿತ್ತು.

ರಾತ್ರಿ ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರು ಹೊಸಬರು.
ಕಡೇ ಹಾಳಿ ತಗದ್ರು. ಇವೇನಿವು, ಶಾವಕ್ಕ?
ಹಾಲಿನ ಲೆಕ್ಕ ಅನ್ನೂಣಂತ ನಾಲಿಗಿ ತುದೀಗೆ ಬಂದಿತ್ತು.
ನಾ ಎಮ್ಮಿ ಕಟ್ಟಿಲ್ಲ.
ಇಮಾನ ರೀ, ಅಂದೆ.
ಇವಕ್ಕ ಯಾರೂ ನನಗ ಫೋನ್ ಮಾಡಂಗಿಲ್ಲ,
ನಂಬರು ಕೇಳಂಗಿಲ್ಲ, ಆದ್ರೂ ನನ್ನ ಗೇಟು ದಾಟ್ತಾವ.
ಸುಮ್ಮ ಬಿಡೂದು ಹೆಂಗ?
ಸಾಹೇಬರು ಚಸ್ಮಾ ತಗದು ಒರೆಸಿದ್ರು.
ಹೊರಗ ಬಾಕಿನ ಮ್ಯಾಲ ಕುಂತ್ರು.
ನಾ ಚಾ ಕಾಸಾಕ ಒಳಗ ಹೋದೆ,
ಮೆಮೊ ಕೊಡ್ತಾರೋ, ಇಂಕ್ರಿಮೆಂಟ ಹಿಡೀತಾರೋ ಅಂತ
ಸಕ್ಕರಿ ಎರಡು ಸಲ ಹಾಕಿದೆ.
ಹೊರಗ ಬಂದ್ರ, ಕುತ್ತಿಗಿ ಹಿಂದಕ ಚಾಚಿ ಅವರಂದ್ರು:
ಒಂದು ಬಿಟ್ರಿ ನೋಡ್ರಿ. ಈಗ ಹೋತು, ದಕ್ಷಿಣಕ್ಕ.

ನಮ್ಮಪ್ಪ ಕೊಲ್ಹಾರದ ದಂಡ್ಯಾಗ ನಾವಿ ನಡಸ್ತಿದ್ದ.
ಹತ್ತಿದವರನ್ನ ಎಲ್ಲಿಗೆ ಅಂತ ಕೇಳ್ತಿದ್ದಿಲ್ಲ,
ಎಷ್ಟು ಮಂದಿ ಅನ್ನೂದು ಎಣಿಸ್ತಿದ್ದ,
ಈ ದಂಡ್ಯಾಗ ಒಮ್ಮೆ, ಆ ದಂಡ್ಯಾಗ ಒಮ್ಮೆ.
ಎರಡೂ ಕೂಡಿದ್ರ ಬೀಡಿ ಹಚ್ಚತಿದ್ದ.
ನನಗ ಈ ದಂಡಿ ಒಂದ ಸಿಕ್ಕೈತಿ.
ಆ ದಂಡ್ಯಾಗ ಯಾರು ಎಣಿಸ್ತಾರೋ.

ಈಗ ನಾಕು ಹತ್ತು. ಮೂರು ಒಮ್ಮೆಲೆ ಅದಾವ ಮ್ಯಾಲ.
ಫೋನು ಹೊಡಕೊಳ್ಳಾಕ ಹತ್ತೈತಿ. ಉಳ್ಳಾಗಡ್ಡಿ ಲಾರಿಯಾಂವ
ಗೇಟು ಹಾಕೂದ್ರಾಗ ದಾಟತೀನಂತ ಹಾರ್ನು ಬಡೀತಾನ.
ನಿಂದ್ರೋ ತಮ್ಮಾ.
ಅವಸರ ಇದ್ದವರೆಲ್ಲಾ ಮ್ಯಾಲಿನ ಲೈನಿಗೆ ಹೋಗ್ಯಾರ.
ಇದು ಕೆಳಗಿಂದು.